ಇಗರ್ಜಿಯ ಒಳಗೆ ಹೋದರೆ ಕುತ್ತಿಗೆ ಏಕೆ ಮೇಲೇಳುತ್ತದೆ?

ಕಳೆದ ತಿಂಗಳು ಈ ಅಂಕಣದಲ್ಲಿ ಚಿರೆಕಲ್ಲಿನ ಕಮಾನಿನ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಕಮಾನು ಕೆಳಕ್ಕೆ ಮಾತ್ರ ಒತ್ತುವುದಿಲ್ಲ, ಪಕ್ಕಕ್ಕೂ ಒತ್ತುತ್ತದೆ ಎಂದಿದ್ದೆ, ಅಷ್ಟೇ. ಅದಕ್ಕೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಅರ್ಧಕ್ಕಿಂತ ಜಾಸ್ತಿ ಪತ್ರ ಗೋಥಿಕ್ ಇಗರ್ಜಿಗಳ ಬಗ್ಗೆ, ಅಂದರೆ ಯುರೋಪಿನ ಹಳೇ ಶೈಲಿಯ, ಚೂಪು ಕಮಾನಿನ ಎತ್ತರದ ಇಗರ್ಜಿಗಳ ಬಗ್ಗೆ. ಹಾಗಾಗಿ ಈ ಸಲ ಅದೊಂದೇ ವಿಷಯ. ಬಾವಿಕಟ್ಟೆಯ ಬಿರುಕಿನ ಬಗ್ಗೆ ಕೇಳಿದ ಸಿದ್ದಾಪುರದವರು ಒಂದು ತಿಂಗಳು ತಡೆದುಕೊಳ್ಳಿ.

ಪ್ರಶ್ನೆ: ನಮಸ್ಕಾರ ಸರ್. ದಸರೆ ರಜೆಯಲ್ಲಿ ಮೈಸೂರಿನ ಸಂತ ಫಿಲೋಮಿನಾ ಇಗರ್ಜಿ ನೋಡಿ ಬಂದೆವು. ಹಳೆ ಗೋವಾ ನಮಗೆ ಹತ್ತಿರ, ಅಲ್ಲಿನ ಸೆ ಕೆಥೆಡ್ರಲ್‌ಗೆ ಎಷ್ಟೋ ಸಲ ಹೋಗಿದ್ದೇವೆ. ಎರಡೂ ದೊಡ್ಡವೇ. ಆದರೆ ಮೈಸೂರಿನದರ ಒಳಗೆ ಕಾಲಿಟ್ಟ ಕೂಡಲೇ ನಮ್ಮ ಅತ್ತೆ ಕುತ್ತಿಗೆ ಎತ್ತಿ ನಿಂತುಬಿಟ್ಟರು. ಗೋವಾದಲ್ಲಿ ಹಾಗೆ ನಿಂತಿದ್ದೇ ಇಲ್ಲ. ಏನು ವ್ಯತ್ಯಾಸ?
– ಓದುಗಿ, ಕಾರವಾರ

ಉತ್ತರ: ನಿಮ್ಮ ಅತ್ತೆಯವರ ಕುತ್ತಿಗೆಗೆ ಗೊತ್ತಾಗಿದ್ದು ಎಷ್ಟೋ ಜನರಿಗೆ ಪುಸ್ತಕ ಓದಿದ ಮೇಲೂ ಗೊತ್ತಾಗುವುದಿಲ್ಲ.

ಗೋವಾದ ಸೆ ಕೆಥೆಡ್ರಲ್ ಕೆಲಸ ಶುರುವಾಗಿದ್ದು 1562ರಲ್ಲಿ, ಕಟ್ಟಡ ಮುಗಿದದ್ದು 1619ರಲ್ಲಿ. ಅಷ್ಟು ಹೊತ್ತಿಗೆ ಯುರೋಪಿನಲ್ಲಿ ಗೋಥಿಕ್ ಹಳೇ ಫ್ಯಾಶನ್ ಆಗಿತ್ತು. ಗೋಥಿಕ್ ಅನ್ನುವ ಹೆಸರೇ ಇಟಲಿಯವರು ಇಟ್ಟ ಬೈಗುಳ, ಗಾಥ್ ಎಂಬ ಕಾಡುಜನರ ಕೆಲಸ ಅನ್ನುವ ಅರ್ಥದಲ್ಲಿ. ಹಾಗಾಗಿ ಗೋವಾದಲ್ಲಿ ನಡುಮನೆಯ ಮೇಲೆ ಇರುವುದು ಅರ್ಧ ಸೀಳಿದ ಕೊಳವೆಯಂಥ ದುಂಡು ಮಾಡು. ಅದರ ಕೆಳಗೆ ನಿಂತರೆ ಕಣ್ಣು ಮುಂದಕ್ಕೆ ಹೋಗುತ್ತದೆ, ಚಿನ್ನದ ಬಣ್ಣದ ದೊಡ್ಡ ವೇದಿಕೆಯ ಕಡೆಗೆ. ಮೈಸೂರಿನದು 1933ರಲ್ಲಿ ಅಡಿಗಲ್ಲು ಹಾಕಿದ್ದು, ನಾಲ್ವಡಿ ಕೃಷ್ಣರಾಜ ಒಡೆಯರು ಹಾಕಿದ್ದು. ವಯಸ್ಸಿನಲ್ಲಿ ಗೋವಾದ್ದಕ್ಕಿಂತ ತೀರಾ ಚಿಕ್ಕದು. ಆದರೆ ಅದು ಹಿಡಿದ ಮಾದರಿ ಗೋವಾದ್ದಕ್ಕಿಂತ ಹಳೆಯದು, ಜರ್ಮನಿಯ ಕಲೋನ್ ಕೆಥೆಡ್ರಲ್ ಕಡೆಯದು.

ಈಗ ಕುತ್ತಿಗೆಯ ವಿಷಯ. ದುಂಡು ಕಮಾನಿಗೆ ಒಂದು ಹಟ ಇದೆ. ಅಗಲ ಎಷ್ಟೋ ಅದರ ಅರ್ಧ ಅದರ ಎತ್ತರ. ಇಪ್ಪತ್ತು ಅಡಿ ಅಗಲಕ್ಕೆ ಹತ್ತು ಅಡಿ, ಹತ್ತು ಅಡಿ ಅಗಲಕ್ಕೆ ಐದು ಅಡಿ. ನಾಲ್ಕು ಕಂಬ ನಿಲ್ಲಿಸಿ, ಒಂದು ಬದಿ ಇಪ್ಪತ್ತು, ಇನ್ನೊಂದು ಬದಿ ಹತ್ತು ಅಡಿ ಇಟ್ಟು ಮೇಲೆ ದುಂಡು ಕಮಾನು ಕಟ್ಟಿ ನೋಡಿ, ಒಂದರ ತಲೆ ಒಂದು ಕಡೆ, ಇನ್ನೊಂದರ ತಲೆ ಇನ್ನೊಂದು ಕಡೆ, ಮೂಲೆಯಿಂದ ಮೂಲೆಗೆ ಹೋಗುವುದು ಮತ್ತೊಂದು ಕಡೆ. ಮಾಡು ಕೂಡುವುದೇ ಇಲ್ಲ. ಚೂಪು ಕಮಾನಿಗೆ ಆ ಹಟ ಇಲ್ಲ. ಕಿರಿದಾದ ಜಾಗದಲ್ಲೂ ಎಷ್ಟು ಬೇಕೋ ಅಷ್ಟು ಎತ್ತರಕ್ಕೆ ಎಬ್ಬಿಸಬಹುದು, ಎಲ್ಲ ತಲೆಗಳನ್ನೂ ಒಂದೇ ಮಟ್ಟಕ್ಕೆ ತರಬಹುದು. ಮೇಲಾಗಿ ಅದು ಕಡಿದಾಗಿ ಇಳಿಯುವುದರಿಂದ ಪಕ್ಕಕ್ಕೆ ತಳ್ಳುವುದೂ ಕಡಿಮೆ.

ಎರಡನೆಯದು ಪಕ್ಕೆಲುಬು. ಮೇಲೆ ನೋಡಿದರೆ ಕಂಬದಿಂದ ಕಂಬಕ್ಕೆ ಅಡ್ಡಡ್ಡ ಹೋದ ಕಲ್ಲಿನ ಗೆರೆಗಳು ಕಾಣುತ್ತವಲ್ಲ, ಅವು. ಮಾಡಿನ ಭಾರ ಗೋಡೆಯ ಉದ್ದಕ್ಕೂ ಹರಡದೆ ಕಂಬದ ತಲೆಗೆ ಬಂದು ಸೇರುತ್ತದೆ. ಕೊಳವೆಯಂಥ ಮಾಡು ಹಾಗಲ್ಲ, ಗೋಡೆಯನ್ನು ಉದ್ದಕ್ಕೂ ಒಂದೇ ಸಮ ತಳ್ಳುತ್ತದೆ, ಅದಕ್ಕೇ ಅಲ್ಲಿ ದಪ್ಪ ಗೋಡೆ ಬೇಕು, ಕಿಟಕಿ ದೊಡ್ಡದು ಇಡುವ ಹಾಗಿಲ್ಲ. ಗೋಥಿಕ್‌ನಲ್ಲಿ ಭಾರವೆಲ್ಲ ಕಂಬಕ್ಕೆ ಬಂದ ಮೇಲೆ ನಡುವಿನ ಗೋಡೆಗೆ ಕೆಲಸವೇ ಇಲ್ಲ. ಕೆಲಸ ಇಲ್ಲದ ಗೋಡೆ ಯಾಕೆ ಬೇಕು ಅಂತ ತೆಗೆದು ಗಾಜು ಹಾಕಿದರು. ನೀವು ಒಳಗೆ ನೋಡಿದ ಬೆಳಕು ಅಲ್ಲಿಂದ ಬಂದಿದ್ದು.

ಕಲೋನ್‌ಗೆ ಒಮ್ಮೆ ಮಗಳ ಮನೆಗೆ ಹೋದಾಗ ಹೋಗಿದ್ದೆ. ಅಲ್ಲಿನ ಕಂಬ ಒಂದೇ ದಿಂಡಲ್ಲ. ಸಣ್ಣ ಸಣ್ಣ ಕೋಲುಗಳ ಕಟ್ಟಿನ ಹಾಗೆ ಇದೆ. ಅದರಲ್ಲಿ ಒಂದು ಕೋಲನ್ನು ನೆಲದಿಂದ ಹಿಡಿದು ಕಣ್ಣಲ್ಲೇ ಹತ್ತುತ್ತಾ ಹೋದೆ. ಎಲ್ಲೂ ತುಂಡಾಗದೆ 43 ಮೀಟರ್ ಮೇಲೆ ಹೋಗಿ, ಬಾಗಿ, ಅದೇ ಪಕ್ಕೆಲುಬು ಆಗಿ, ಎದುರಿನ ಕಂಬದಿಂದ ಬಂದದ್ದನ್ನು ಕೂಡಿತು. ಅಷ್ಟರಲ್ಲಿ ನನ್ನ ಟೋಪಿ ಹಿಂದೆ ಬಿದ್ದಿತ್ತು. ಕಣ್ಣನ್ನು ತಡೆಯುವ ಅಡ್ಡಗೆರೆ ಇಲ್ಲ, ಮೇಲೆ ಒಯ್ಯುವ ಉದ್ದಗೆರೆ ನೂರಾರು. ಅತ್ತೆಯವರ ಕುತ್ತಿಗೆಗೆ ಆದದ್ದೂ ಅದೇ.

ಆದರೆ ಪಕ್ಕಕ್ಕೆ ತಳ್ಳುವ ಒತ್ತಡ ಕಡಿಮೆಯಾಯಿತೇ ಹೊರತು ಹೋಗಲಿಲ್ಲ. ಅದು ಎಲ್ಲಿಗೆ ಹೋಯಿತು? ಹೊರಗೆ. ಇಗರ್ಜಿಯನ್ನು ಒಂದು ಸುತ್ತು ಹಾಕಿದರೆ ಗೋಡೆಗೆ ಆತು ನಿಂತ ಅರ್ಧ ಕಮಾನುಗಳು ಕಾಣುತ್ತವೆ, ಫ್ಲೈಯಿಂಗ್ ಬಟ್ರೆಸ್ ಅನ್ನುತ್ತಾರೆ. ಗೊನೆ ಬಿಟ್ಟ ಬಾಳೆಗೆ ನಾವು ಕವೆಗೋಲು ಕೊಡುತ್ತೇವಲ್ಲ, ಅದೇ ಕೆಲಸ. ಒಳಗೆ ನಿಂತವನಿಗೆ ಅದು ಯಾವುದೂ ಕಾಣುವುದಿಲ್ಲ. ಕಲ್ಲಿಗೆ ಭಾರವೇ ಇಲ್ಲ ಅನ್ನಿಸುವುದು ಅದಕ್ಕೇ.

ಇದು ನನಗೆ ಪುಸ್ತಕಕ್ಕಿಂತ ಚೆನ್ನಾಗಿ ಅರ್ಥವಾಗಿದ್ದು ನಮ್ಮ ಮನೆಯ ಗೇಟಿನಿಂದ. ಸಿರಸಿಯಲ್ಲಿ ಮನೆ ಕಟ್ಟಿದಾಗ ಚಂದ ಕಾಣಲಿ ಅಂತ ಒಂದು ಅಗಲದ ಕಮಾನು ಮಾಡಿಸಿದೆ, ಕಂಬ ಸಪೂರ ಇರಲಿ ಎಂದೆ. ಇಂಜಿನಿಯರ್ ಆಗಿ ನಿವೃತ್ತಿ ಆದವನು ಹಾಗೆ ಹೇಳಬಾರದಿತ್ತು. ಗುತ್ತಿಗೆಯವನೂ ಬೇಡ ಅನ್ನಲಿಲ್ಲ. ಎರಡು ಮಳೆಗಾಲ ಕಳೆಯಿತು, ನೆತ್ತಿಯಲ್ಲಿ ಬಿರುಕು, ಕಂಬ ಎರಡೂ ಹೊರಕ್ಕೆ ವಾಲಿದವು. ಕೊನೆಗೆ ಎರಡೂ ಬದಿಗೆ ಕಲ್ಲಿನ ಆನಿಕೆ ಕಟ್ಟಿಸಿದೆ. ಗೇಟಿಗೆ ಊರುಗೋಲು ಕೊಟ್ಟಿದ್ದೀರಾ ಅಂತ ನಮ್ಮನೆಯವಳು ಈಗಲೂ ನಗುತ್ತಾಳೆ. ನಾನು ಅದನ್ನು ಬಟ್ರೆಸ್ ಅನ್ನುತ್ತೇನೆ.

ಪ್ರಶ್ನೆ: ನಾನು ಮೇಸ್ತ್ರಿ ಕೆಲಸ ಮಾಡುವವ. ಸಿಮೆಂಟ್ ಇಲ್ಲ, ಕಬ್ಬಿಣ ಇಲ್ಲ, ಕರೆಂಟ್ ಇಲ್ಲ. ನಲವತ್ತು ಮೀಟರ್ ಮೇಲೆ ಕಲ್ಲಿನ ಮಾಡು ಹೇಗೆ ಹಾಕಿದರು? ಸೆಂಟ್ರಿಂಗ್ ಹೇಗೆ?
– ಓದುಗ, ಯಲ್ಲಾಪುರ

ಉತ್ತರ: ಈ ತಿಂಗಳ ಒಳ್ಳೆಯ ಪ್ರಶ್ನೆ ಇದು, ಮೇಸ್ತ್ರಿಯವರೇ. ನೀವು ಬಳಸಿದ ಶಬ್ದವೇ ಅಲ್ಲಿನದೂ. ಕಮಾನಿನ ಕೆಳಗೆ ಕಟ್ಟುವ ಮರದ ಚೌಕಟ್ಟಿಗೆ ಅವರೂ ಸೆಂಟರಿಂಗ್ ಎಂದೇ ಅನ್ನುತ್ತಾರೆ. ನಮ್ಮ ಸ್ಲ್ಯಾಬಿಗೂ ಆ ಹೆಸರೇ ಬಂತು.

ಮೊದಲು ಒಂದು ವಿಷಯ. ಮಾಡು ಎರಡು. ಒಳಗಿನಿಂದ ಕಾಣುವುದು ಕಲ್ಲಿನದು. ಅದರ ಮೇಲೆ, ಹೊರಗಿನಿಂದ ಕಾಣುವುದು ಮರದ್ದು, ಹೆಚ್ಚಾಗಿ ಸೀಸದ ತಗಡು ಹೊದಿಸಿದ್ದು. ಸಾಮಾನ್ಯವಾಗಿ ಮರದ ಮಾಡನ್ನೇ ಮೊದಲು ಏರಿಸುತ್ತಿದ್ದರು. ಅಂದರೆ ಮಳೆಗೆ ಸೂರು ಆಯಿತು, ಅದರ ಅಡಿಯಲ್ಲಿ ನಿಧಾನಕ್ಕೆ ಕಲ್ಲಿನ ಕೆಲಸ. ನಮ್ಮ ಘಟ್ಟದ ಮಳೆ ಕಂಡವರಿಗೆ ಇದರ ಬುದ್ಧಿವಂತಿಕೆ ಬಿಡಿಸಿ ಹೇಳಬೇಕಿಲ್ಲ. ಕಲ್ಲು ಎತ್ತುವುದಕ್ಕೆ ದೊಡ್ಡ ಮರದ ಚಕ್ರ, ಅದರೊಳಗೆ ಮನುಷ್ಯರು ನಡೆಯುತ್ತಾ ಹೋದರೆ ಚಕ್ರ ತಿರುಗಿ ಹಗ್ಗ ಸುತ್ತಿಕೊಳ್ಳುತ್ತಿತ್ತು.

ಸೆಂಟ್ರಿಂಗನ್ನು ನೆಲದಿಂದ ಮೇಲಿನವರೆಗೆ ಎಬ್ಬಿಸಬೇಕಾಗಿರಲಿಲ್ಲ, ಅಷ್ಟು ಮರ ಯಾರು ತರಬೇಕು. ಗೋಡೆಯ ಮೇಲ್ಭಾಗದಿಂದಲೇ ಆಧಾರ ಕೊಟ್ಟು ಒಂದು ಅಂಕಣಕ್ಕೆ, ಅಂದರೆ ನಾಲ್ಕು ಕಂಬಗಳ ನಡುವಿನ ಜಾಗಕ್ಕೆ, ಕಟ್ಟುವುದು. ಅದರ ಮೇಲೆ ಮೊದಲು ಪಕ್ಕೆಲುಬಿನ ಕಲ್ಲು ಕೂರಿಸುವುದು, ಎರಡೂ ಕಡೆಯಿಂದ ಸಮ ಸಮ ಏರಿಸುತ್ತಾ. ನಡುವೆ ಕೂಡುವ ಜಾಗಕ್ಕೆ ಬೀಗದ ಕಲ್ಲು. ಅದು ಕೂತ ಮೇಲೆ ಪಕ್ಕೆಲುಬುಗಳ ನಡುವಿನ ಖಾಲಿ ಜಾಗವನ್ನು ತೆಳು ಕಲ್ಲುಗಳಿಂದ ಸುಣ್ಣದ ಗಾರೆ ಹಾಕಿ ತುಂಬುವುದು. ಸುಣ್ಣದ ಗಾರೆ ಗಟ್ಟಿಯಾಗಲು ಹಿಡಿಯುವ ಸಮಯ ನಿಮಗೆ ಗೊತ್ತಿದ್ದದ್ದೇ. ಆಮೇಲೆ ಸೆಂಟ್ರಿಂಗ್ ಇಳಿಸಿ ಅದೇ ಮರ ಮುಂದಿನ ಅಂಕಣಕ್ಕೆ.

ಕಬ್ಬಿಣ ಪೂರ್ತಿ ಇಲ್ಲ ಎಂದೇನಲ್ಲ. ಕೆಲವು ಕಡೆ ಕಲ್ಲುಗಳನ್ನು ಹಿಡಿಯಲು ಕಬ್ಬಿಣದ ಪಟ್ಟಿ, ಕೊಂಡಿ ಬಳಸಿದ್ದಾರೆ. ಪ್ಯಾರಿಸ್‌ನ ನೋತ್ರ್ ದಾಮ್ ಕೆಥೆಡ್ರಲ್‌ನಲ್ಲೇ ಸಿಕ್ಕಿವೆ. ಆದರೆ ನಿಲ್ಲಿಸಿರುವುದು ಕಬ್ಬಿಣವಲ್ಲ, ಕಲ್ಲು ಕಲ್ಲನ್ನು ಒತ್ತುವ ಒತ್ತು.

ಎರಡು ಮಾಡಿನ ಲಾಭ 2019ರ ಏಪ್ರಿಲ್ 15ರಂದು ಇಡೀ ಜಗತ್ತು ಟಿವಿಯಲ್ಲಿ ನೋಡಿತು. ಆ ಸಂಜೆ ನೋತ್ರ್ ದಾಮ್‌ನ ಓಕ್ ಮರದ ಮಾಡು ಪೂರ್ತಿ ಸುಟ್ಟಿತು, ಮೇಲಿನ ಚೂಪು ಗೋಪುರ ಮುರಿದು ಬಿತ್ತು. ಕಲ್ಲಿನ ಮಾಡು ಕೆಲವು ಕಡೆ ತೂತಾಯಿತು, ಆದರೆ ಹೆಚ್ಚಿನ ಭಾಗ ನಿಂತಿತು, ಕೆಳಗಿನ ಬಣ್ಣದ ಗಾಜು, ಆರ್ಗನ್ ಎಲ್ಲ ಉಳಿದವು. ನಮ್ಮ ಹಳೇ ಸೋಗೆ ಮನೆಗಳಲ್ಲಿ ಮುಚ್ಚಿಗೆಯ ಮೇಲೆ ಮಣ್ಣು ಹಾಕುತ್ತಿದ್ದರಲ್ಲ, ಸೋಗೆಗೆ ಬೆಂಕಿ ಬಿದ್ದರೂ ಮನೆಯ ಒಳಗಿನ ಸಾಮಾನು ಉಳಿಯಲಿ ಅಂತ. ಅದೇ ಲೆಕ್ಕ. 2024ರ ಡಿಸೆಂಬರ್‌ನಲ್ಲಿ ಅದು ಮತ್ತೆ ತೆರೆಯಿತು, ಮರದ ಮಾಡನ್ನು ಓಕ್‌ನಲ್ಲೇ ಹಳೆಯ ಹಾಗೇ ಮಾಡಿದ್ದಾರೆ.

ಪ್ರಶ್ನೆ: ಸರ್, ನಾನು ಬಿ.ಎ. ಓದುತ್ತಿದ್ದೇನೆ. ನೇವ್, ಐಲ್, ಟ್ರಾನ್ಸೆಪ್ಟ್, ಟ್ರೈಫೋರಿಯಂ ಅಂತ ಹೆಸರುಗಳು ತಲೆಗೇ ಹತ್ತುವುದಿಲ್ಲ. ಕನ್ನಡದಲ್ಲಿ ಏನೆಂದು ಬರೆಯಲಿ?
– ವಿದ್ಯಾರ್ಥಿನಿ, ಹೊನ್ನಾವರ

ಉತ್ತರ: ಪರೀಕ್ಷೆಯಲ್ಲಿ ಅವೇ ಹೆಸರುಗಳನ್ನು ಕನ್ನಡ ಅಕ್ಷರದಲ್ಲಿ ಬರೆಯಮ್ಮ. ಯಾರೋ ಕೂತು ಕಟ್ಟಿದ ಸಂಸ್ಕೃತ ಶಬ್ದ ಬಾಯಿಪಾಠ ಮಾಡಿದರೆ ಅದನ್ನು ಬಿಡಿಸುವುದಕ್ಕೆ ಇನ್ನೊಂದು ಶಬ್ದ ಬೇಕಾಗುತ್ತದೆ. ನೆನಪಿಟ್ಟುಕೊಳ್ಳಲು ಒಂದು ಉಪಾಯ, ಸುಮ್ನೆ ನನ್ನ ಜೊತೆ ನಡೆದುಕೊಂಡು ಬಾ.

ಪಶ್ಚಿಮದ ಬಾಗಿಲಿನಿಂದ ಒಳಗೆ ಬಂದೆವು. ಎದುರಿಗೆ ಉದ್ದಕ್ಕೆ ಇರುವ ಎತ್ತರದ ನಡುಮನೆ ನೇವ್. ಲ್ಯಾಟಿನ್‌ನಲ್ಲಿ ಹಡಗಿಗೆ ಇರುವ ಶಬ್ದದಿಂದ ಬಂದಿದೆ. ನಿಮ್ಮೂರಲ್ಲಿ ದೋಣಿಯನ್ನು ದಡದಲ್ಲಿ ಕವುಚಿ ಹಾಕಿರುವುದನ್ನು ಕಂಡಿರುತ್ತೀಯಲ್ಲ, ಅದರ ಅಡಿಯಲ್ಲಿ ಮಲಗಿ ಮೇಲೆ ನೋಡಿದರೆ ಕಾಣುವ ಪಕ್ಕೆಲುಬು ನೆನಪಿಸಿಕೋ. ಅದರ ಎರಡೂ ಬದಿಗೆ ಕಂಬಗಳ ಆಚೆ ತಗ್ಗಿನ ಮಾಡಿನ ಉದ್ದ ಜಗಲಿ, ಅದು ಐಲ್. ಮುಂದೆ ಹೋದಾಗ ಎಡಕ್ಕೂ ಬಲಕ್ಕೂ ಕೈ ಚಾಚಿದ ಹಾಗೆ ಅಡ್ಡ ಭಾಗ ಬರುತ್ತದೆ, ಟ್ರಾನ್ಸೆಪ್ಟ್. ಮೇಲಿನಿಂದ ನೋಡಿದರೆ ಶಿಲುಬೆಯ ಆಕಾರ. ಎರಡೂ ಕೂಡುವ ಚೌಕ ಕ್ರಾಸಿಂಗ್. ಆಮೇಲೆ ಪಾದ್ರಿಗಳು ಕೂತು ಹಾಡುವ ಕ್ವೈರ್, ಪೂರ್ವದ ತುದಿಯಲ್ಲಿ ಅರ್ಧಚಂದ್ರದ ಹಾಗೆ ತಿರುಗುವ ಏಪ್ಸ್. ಮುಖ್ಯ ವೇದಿಕೆಯ ಹಿಂದಿನಿಂದ ಸುತ್ತು ಬರುವ ದಾರಿ ಆಂಬ್ಯುಲೇಟರಿ. ಯಾತ್ರಿಕರು ಸಂತರ ಅಸ್ಥಿ ನೋಡಲು ಸುತ್ತು ಹೋಗುತ್ತಿದ್ದ ದಾರಿ, ನಮ್ಮ ಪ್ರದಕ್ಷಿಣೆ ದಾರಿಯೇ ಅನ್ನು, ತಪ್ಪಿಲ್ಲ.

ಇನ್ನು ಟ್ರೈಫೋರಿಯಂ. ಎಲ್ಲರೂ ಎಡವುವುದು ಇಲ್ಲೇ. ನೇವ್‌ನ ಪಕ್ಕದ ಗೋಡೆಯನ್ನು ಕೆಳಗಿನಿಂದ ಮೇಲೆ ನೋಡು. ಕೆಳಗೆ ದೊಡ್ಡ ಕಮಾನುಗಳ ಸಾಲು, ಅದು ಆರ್ಕೇಡ್. ತೀರಾ ಮೇಲೆ ದೊಡ್ಡ ಕಿಟಕಿಗಳ ಸಾಲು, ಕ್ಲಿಯರ್‌ಸ್ಟೋರಿ. ಇವೆರಡರ ನಡುವೆ ಸಣ್ಣ ಕಮಾನುಗಳ ಕತ್ತಲೆ ಪಟ್ಟಿಯೊಂದಿದೆ. ಅಲ್ಲಿ ಕತ್ತಲೆ ಯಾಕೆ? ನಿಮ್ಮ ಅಜ್ಜನ ಮನೆಯ ಜಗಲಿ ನೋಡು. ಜಗಲಿಯ ಇಳಿಮಾಡು ಮೇಲೆ ಹೋಗಿ ದೊಡ್ಡ ಗೋಡೆಗೆ ತಾಗುತ್ತದೆ. ತಾಗಿದ ಆ ಪಟ್ಟಿಯಲ್ಲಿ ಕಿಟಕಿ ಇಡಲು ಬರುವುದಿಲ್ಲ, ಇಟ್ಟರೆ ಮಾಡಿನ ಒಳಗೆ ತೆರೆಯುತ್ತದೆ, ಅಲ್ವಾ? ಇಗರ್ಜಿಯಲ್ಲೂ ಐಲ್‌ನ ಇಳಿಮಾಡು ತಾಗುವ ಎತ್ತರ ಅದು. ಆ ಬೋಳು ಪಟ್ಟಿಯನ್ನು ಹಾಗೇ ಬಿಡದೆ ಸಣ್ಣ ಓಣಿ ಮಾಡಿ ಕಮಾನು ಜೋಡಿಸಿದರು, ಅದೇ ಟ್ರೈಫೋರಿಯಂ. ಇಳಿಮಾಡಿನ ಮೇಲಿನ ಕಿಟಕಿ ಕ್ಲಿಯರ್‌ಸ್ಟೋರಿ. ಇನ್ನು ಮರೆಯುವುದಿಲ್ಲ ನೋಡು.

ಇಸವಿ ಒಂದು ಬೇಕೇ ಬೇಕು ಎಂದರೆ 1144. ಪ್ಯಾರಿಸ್ ಹತ್ತಿರದ ಸ್ಯಾಂ ದೆನಿ ಮಠದಲ್ಲಿ ಸೂಝೆ ಎಂಬ ಮಠಾಧಿಪತಿ ಕಟ್ಟಿಸಿದ ಹೊಸ ಕ್ವೈರ್ ಆ ವರ್ಷ ಮುಗಿಯಿತು. ಚೂಪು ಕಮಾನು, ಪಕ್ಕೆಲುಬು ಎರಡೂ ಅದಕ್ಕಿಂತ ಮೊದಲೇ ಬೇರೆ ಬೇರೆ ಕಡೆ ಇದ್ದವು. ಇಂಗ್ಲೆಂಡಿನ ಡರಂನಲ್ಲಿ ಪಕ್ಕೆಲುಬಿನ ಮಾಡು ಆಗಲೇ ಇತ್ತು. ಸೂಝೆ ಎಲ್ಲವನ್ನೂ ಬೆಳಕಿಗಾಗಿ ಒಟ್ಟು ಸೇರಿಸಿದ.

ಪ್ರಶ್ನೆ: ಗೋಥಿಕ್ ಕೆಥೆಡ್ರಲ್ ನೋಡಿದರೆ ನಮ್ಮ ಅಡಿಕೆ ತೋಟದ ಹಾಗೆಯೇ ಇದೆ ಎಂದು ನನ್ನ ವಾದ. ಒಪ್ಪುತ್ತೀರಾ?
– ಓದುಗ, ಸಿರಸಿ ತಾಲ್ಲೂಕು

ಉತ್ತರ: ನೋಡುವುದಕ್ಕೆ ಒಪ್ಪುತ್ತೇನೆ. ಸಪೂರ ಕಂಬ, ಮೇಲೆ ಹೆಡೆಗಳು ಕೂಡಿದ ಮಾಡು, ನಡುವಿನಿಂದ ಸೋರುವ ಬೆಳಕು. ಯುರೋಪಿನಲ್ಲೂ ಹಿಂದೆ ಕೆಲವರು ಗೋಥಿಕ್ ಹುಟ್ಟಿದ್ದೇ ಕಾಡು ನೋಡಿ ಎಂದು ವಾದ ಮಾಡಿದ್ದುಂಟು. ಆದರೆ ಅಡಿಕೆ ಮರ ತನ್ನ ತಲೆಯನ್ನು ಮಾತ್ರ ಹೊರುತ್ತದೆ, ಗಾಳಿ ಬಂದರೆ ಬಾಗುತ್ತದೆ. ಇಗರ್ಜಿಯ ಕಂಬ ಬಾಗಿದರೆ ಕಥೆ ಮುಗಿಯಿತು. ಎತ್ತರವೂ ಬೇರೆ ಲೆಕ್ಕ. ಫ್ರಾನ್ಸಿನ ಆಮ್ಯಾನ್ ಕೆಥೆಡ್ರಲ್‌ನ ಮಾಡು 42 ಮೀಟರಿಗೂ ಸ್ವಲ್ಪ ಮೇಲೆ, ನಿಮ್ಮ ತೋಟದ ಎರಡು ಮರ ಒಂದರ ಮೇಲೊಂದು ನಿಲ್ಲಿಸಿದರೂ ಕೊನೆಗೌಡನಿಗೆ ಅದು ಕೈಗೆ ಸಿಗಲಿಕ್ಕಿಲ್ಲ.

ಪ್ರಶ್ನೆ: ಬಣ್ಣದ ಗಾಜು ಒಳಗೆ ಅಷ್ಟು ಹೊಳೆಯುತ್ತದೆ, ಹೊರಗಿನಿಂದ ನೋಡಿದರೆ ಕಪ್ಪಗೆ, ಯಾಕೆ? ಬಣ್ಣ ಬಳಿದಿದ್ದೋ, ಗಾಜಿನದೇ ಬಣ್ಣವೋ?
– ಓದುಗಿ, ಅಂಕೋಲಾ

ಉತ್ತರ: ನಿಮ್ಮ ಅಡುಗೆಮನೆಯ ಗಾಜಿನ ಹಂಚು ನೆನಪಿಸಿಕೊಳ್ಳಿ. ಒಳಗೆ ಕತ್ತಲೆ ಇದ್ದಷ್ಟೂ ಅದು ಹೊಳೆಯುತ್ತದೆ, ಹೊರಗೆ ಹತ್ತಿ ನೋಡಿದರೆ ಬರೀ ಕೊಳೆ. ಗಾಜು ಹೊಳೆಯಬೇಕಾದರೆ ಬೆಳಕು ಅದರ ಮೂಲಕ ಹಾದು ನಮ್ಮ ಕಡೆಗೆ ಬರಬೇಕು.

ಬಣ್ಣ ಗಾಜಿನದೇ. ಕರಗಿದ ಗಾಜಿಗೆ ಲೋಹ ಸೇರಿಸುತ್ತಿದ್ದರು, ನೀಲಿಗೆ ಕೋಬಾಲ್ಟ್, ಕೆಂಪಿಗೆ ತಾಮ್ರ. ಕೆಂಪು ಎಷ್ಟು ಗಾಢವಾಗುತ್ತಿತ್ತೆಂದರೆ ಪೂರ್ತಿ ಕೆಂಪಿನ ಗಾಜಿನಿಂದ ಬೆಳಕೇ ಬರುತ್ತಿರಲಿಲ್ಲ, ಹಾಗಾಗಿ ಬಿಳಿ ಗಾಜಿನ ಮೇಲೆ ತೆಳುವಾಗಿ ಕೆಂಪಿನ ಪದರ ಹಿಡಿಸುತ್ತಿದ್ದರು. ಬಳಿಯುತ್ತಿದ್ದದ್ದು ಕಣ್ಣು, ಮೂಗು, ಬಟ್ಟೆಯ ನಿರಿಗೆ, ಇಂಥ ಕಪ್ಪು ಗೆರೆಗಳನ್ನು ಮಾತ್ರ, ಬಳಿದು ಮತ್ತೆ ಸುಡುತ್ತಿದ್ದರು. ತುಂಡುಗಳನ್ನು ಸೀಸದ ಪಟ್ಟಿಯಿಂದ ಜೋಡಿಸಿದ್ದು, ಚಿತ್ರದ ದಪ್ಪ ಕಪ್ಪು ಗೆರೆಗಳಲ್ಲಿ ಬಹಳಷ್ಟು ಆ ಸೀಸವೇ.

ಇದನ್ನು ನೋಡಲು ಹೆಸರಾದ ಜಾಗ ಫ್ರಾನ್ಸಿನ ಶಾರ್ತ್ರ್ ಊರಿನ ಕೆಥೆಡ್ರಲ್. 1194ರಲ್ಲಿ ಹಳೆಯದು ಸುಟ್ಟು, ಆಮೇಲೆ ಹೆಚ್ಚಿನ ಕಟ್ಟಡ ಎದ್ದದ್ದು ಮೂವತ್ತು ವರ್ಷದ ಒಳಗೆ. ಅಲ್ಲಿನ ನೀಲಿಗೆ ಊರಿನದೇ ಹೆಸರಿದೆ. ನನಗೆ ಹೆಚ್ಚು ಇಷ್ಟವಾಗುವುದು ಕಿಟಕಿಗಳ ಕೆಳಗಿನ ಮೂಲೆ. ಮೇಲೆ ಸಂತರು, ರಾಜರು, ಕೆಳಗೆ ನೋಡಿದರೆ ರೊಟ್ಟಿ ಮಾಡುವವರು, ಚಪ್ಪಲಿ ಹೊಲಿಯುವವರು, ಬಡಗಿಗಳು, ಅವರವರ ಕೆಲಸದಲ್ಲಿ. ಎರಡು ಮಹಾಯುದ್ಧಗಳಲ್ಲೂ ಈ ಗಾಜನ್ನು ಬಿಚ್ಚಿ ಬೇರೆ ಕಡೆ ಸಾಗಿಸಿ ಉಳಿಸಿಕೊಂಡರು.

ಅದೇ ಶಾರ್ತ್ರ್‌ನಲ್ಲಿ 2009ರಿಂದ ಒಳಗಿನ ಕಂಬ, ಮಾಡುಗಳ ಮಸಿ ತೊಳೆದು ಹಳೆಯ ಕೆನೆಬಣ್ಣ ಹೊರತಂದರು. ಜೋರು ಜಗಳವಾಯಿತು. ಹಳತನವನ್ನೇ ತೊಳೆದುಬಿಟ್ಟಿರಿ ಎಂದು ಒಂದು ಗುಂಪು, ಕಟ್ಟಿದವರು ಕಂಡದ್ದು ಈ ಬಣ್ಣವನ್ನೇ ಎಂದು ಇನ್ನೊಂದು ಗುಂಪು. ನಾನು ಎರಡನೇ ಗುಂಪು. ಆ ಕಪ್ಪು ದೇವರ ಗಂಭೀರತೆ ಅಲ್ಲ, ಮೇಣದ ಬತ್ತಿಯ ಹೊಗೆ.

ಪ್ರಶ್ನೆ: ಇಷ್ಟೆಲ್ಲ ಎತ್ತರ ಕಟ್ಟಿದರಲ್ಲ, ಬಿದ್ದದ್ದು ಯಾವುದೂ ಇಲ್ಲವೇ?
– ಓದುಗ, ಕುಮಟಾ

ಉತ್ತರ: ಇದೆ. ಫ್ರಾನ್ಸಿನ ಬೋವೆ ಕೆಥೆಡ್ರಲ್. ಆಮ್ಯಾನ್‌ಗಿಂತ ಎತ್ತರ ಆಗಬೇಕೆಂದು ಕ್ವೈರಿನ ಮಾಡನ್ನು ಸುಮಾರು 48 ಮೀಟರಿಗೆ ಏರಿಸಿದರು. 1272ರಲ್ಲಿ ಮುಗಿಯಿತು, 1284ರಲ್ಲಿ ಒಂದು ಭಾಗ ಕುಸಿಯಿತು. ಕಂಬಗಳ ನಡುವೆ ಇನ್ನೊಂದೊಂದು ಕಂಬ ಸೇರಿಸಿ ಮತ್ತೆ ಕಟ್ಟಿದರು. ಆ ಪಾಠ ಸಾಕಾಗಲಿಲ್ಲ. ಹದಿನಾರನೇ ಶತಮಾನದಲ್ಲಿ ಕ್ರಾಸಿಂಗ್ ಮೇಲೆ 153 ಮೀಟರಿನ ಗೋಪುರ ಎಬ್ಬಿಸಿದರು, ಅದನ್ನು ಒಂದು ಕಡೆಯಿಂದ ಆನಿಸಬೇಕಾದ ನೇವ್ ಇನ್ನೂ ಕಟ್ಟಿರಲೇ ಇಲ್ಲ. 1573ರಲ್ಲಿ ಗೋಪುರ ಬಿತ್ತು. ನೇವ್ ಇವತ್ತಿಗೂ ಇಲ್ಲ. ಈಗ ಒಳಗೆ ಹೋದರೆ ಮರದ, ಕಬ್ಬಿಣದ ದೊಡ್ಡ ಆಧಾರಗಳು ಕಾಣುತ್ತವೆ. ನಮ್ಮ ಗೇಟಿನ ಅಣ್ಣ ಅದು.

ಇಂಗ್ಲೆಂಡಿನ ವೆಲ್ಸ್ ಕೆಥೆಡ್ರಲ್‌ನವರು ಬೀಳುವ ಮೊದಲೇ ಎಚ್ಚರಾದರು. ಗೋಪುರದ ಭಾರಕ್ಕೆ ಕೆಳಗಿನ ಕಂಬ ಕೂರತೊಡಗಿದಾಗ, 1338ರಿಂದ ಹತ್ತು ವರ್ಷದಲ್ಲಿ, ಒಂದು ಕಮಾನಿನ ನೆತ್ತಿಯ ಮೇಲೆ ಇನ್ನೊಂದನ್ನು ತಲೆಕೆಳಗಾಗಿ ನಿಲ್ಲಿಸಿದರು, ಕತ್ತರಿಯ ಆಕಾರಕ್ಕೆ. ಬೇರೆಯವರು ಹೊರಗೆ ಅಡಗಿಸಿದ ಆನಿಕೆ ಇಲ್ಲಿ ಒಳಗೇ, ನೇವ್‌ನ ಎದುರೇ ನಿಂತಿದೆ. ಕೆಲವರಿಗೆ ಅದು ಕಣ್ಣಿಗೆ ಚುಚ್ಚುತ್ತದೆ, ನನಗೆ ಅದೇ ಚಂದ.

ಕೆಲಸ ತಡವಾದದ್ದಕ್ಕೂ ಒಂದು ಉದಾಹರಣೆ ಇದೆ. ಕಲೋನ್ 1248ರಲ್ಲಿ ಶುರು, 1880ರಲ್ಲಿ ಮುಕ್ತಾಯ. ನಡುವೆ ಕೆಲಸ ನಿಂತು, ಅರ್ಧ ಗೋಪುರದ ಮೇಲೆ ಮರದ ಕ್ರೇನ್ ಒಂದು ನೂರಾರು ವರ್ಷ ಹಾಗೇ ಇತ್ತು. ನಮ್ಮೂರಿನ ಚರಂಡಿ ಕೆಲಸಕ್ಕೆ ಇನ್ನೂ ಸಮಯವಿದೆ ಎಂದಾಯಿತು.

ಪ್ರಶ್ನೆ: ನಮ್ಮ ಜಿಲ್ಲೆಯಲ್ಲಿ ಗೋಥಿಕ್ ಇಗರ್ಜಿ ಇದೆಯೇ? ಹತ್ತಿರದಲ್ಲಿ ಎಲ್ಲಿ ನೋಡಬಹುದು?
– ಓದುಗ, ಭಟ್ಕಳ

ಉತ್ತರ: ಕರಾವಳಿಯ ಇಗರ್ಜಿಗಳಲ್ಲಿ ಚೂಪು ತುದಿಯ ಕಿಟಕಿ ಕಂಡರೆ ಅದು ಗೋಥಿಕ್ ಎಂದುಕೊಳ್ಳಬೇಡಿ. ಕಿಟಕಿ ಬಿಟ್ಟು ಮಾಡು ನೋಡಿ. ಹಂಚಿನ ಮಾಡಿಗೆ ಕಲ್ಲಿನ ಪಕ್ಕೆಲುಬೂ ಬೇಡ, ಹೊರಗಿನ ಆನಿಕೆಯೂ ಬೇಡ. ನಮ್ಮ ಮಳೆಗೆ ಅದೇ ಸರಿಯಾದದ್ದು ಕೂಡ.

ಮೈಸೂರು ಮೇಲೆ ಹೇಳಿದೆ. ಹೋದರೆ ನೆಲದಡಿಯ ಕೋಣೆಗೂ ಇಳಿದು ಬನ್ನಿ, ಸಂತ ಫಿಲೋಮಿನಾಳ ಮೂರ್ತಿ ಅಲ್ಲಿದೆ. ಬೆಂಗಳೂರಿಗೆ ಹೋದವರು ಶಿವಾಜಿನಗರದ ಸಂತ ಮೇರಿ ಬೆಸಿಲಿಕಾ ನೋಡಬಹುದು. ಆದರೆ ಈ ಕಟ್ಟಡಗಳ ಎಲುಬು ನೋಡಬೇಕೆಂದರೆ ನಾನು ಹೇಳುವುದು ಹಾಸನ ಹತ್ತಿರದ ಶೆಟ್ಟಿಹಳ್ಳಿ. ಫ್ರೆಂಚ್ ಪಾದ್ರಿಗಳು 1860ರ ಸುಮಾರಿಗೆ ಕಟ್ಟಿಸಿದ್ದು, ಹೇಮಾವತಿ ಅಣೆಕಟ್ಟು ಬಂದ ಮೇಲೆ ಊರು ಬಿಟ್ಟುಹೋಯಿತು, ಮಾಡು ಈಗ ಇಲ್ಲ. ಮಾಡು ಇಲ್ಲದ್ದರಿಂದ ಕಮಾನಿನ ಕಲ್ಲು, ಇಟ್ಟಿಗೆ, ಗಾರೆ ಎಲ್ಲ ಬಿಚ್ಚಿಟ್ಟ ಹಾಗೆ ಕಾಣುತ್ತದೆ. ಮಳೆಗಾಲ ಕಳೆದ ಹೊತ್ತಿಗೆ ಹೋದರೆ ಅದು ನೀರಿನಲ್ಲಿ ಅರ್ಧ ಮುಳುಗಿರುತ್ತದೆ, ಫೋಟೋ ತೆಗೆಯುವವರು ಆಗ ಹೋಗುತ್ತಾರೆ. ಒಳಗೆ ನಿಂತು ನೋಡಬೇಕೆಂದರೆ ನೀರು ಇಳಿದ ಮೇಲೆ, ಬೇಸಿಗೆಯಲ್ಲಿ ಹೋಗಿ. ಗೋಡೆ ಹಳತಾಗಿದೆ, ಆನಿಕೊಂಡು ನಿಲ್ಲಬೇಡಿ.